ಹೆಂಚಿನ ಕೆಳಗಿನ ಹಾಸು: ಸೋರದ ಮನೆಯ ಕಥೆ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿರಿಯರು. ಕಟ್ಟಿದ ಮನೆ ಸೋರದಂತೆ ನೋಡಿಕೊಳ್ಳುವ ಕಷ್ಟವನ್ನು ಯಾಕೋ ಗಾದೆಗೆ ಸೇರಿಸಲಿಲ್ಲ. ಮೇ ತಿಂಗಳ ಒಂದು ಸಂಜೆ ಬಿರುಗಾಳಿಯೊಂದಿಗೆ ಮುಂಗಾರು ಮುಂಚಿನ ಮಳೆ ಸುರಿದಾಗ ತುಮಕೂರಿನ ಹಳೆಯ ಬೀದಿಗಳಲ್ಲಾಗಲಿ, ಗುಬ್ಬಿಯ ಪೇಟೆಯಲ್ಲಾಗಲಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲಾಗಲಿ ಮೊದಲು ಕೇಳುವ ಸದ್ದು ಒಂದೇ: ಪಾತ್ರೆಯ ತಳಕ್ಕೆ ಬೀಳುವ ಹನಿಯ ಸದ್ದು. ನಡುಮನೆಯಲ್ಲೊಂದು ಬಕೆಟ್ಟು, ಅಡುಗೆಮನೆಯಲ್ಲೊಂದು ಬೋಗುಣಿ, ಮಂಚದ ಪಕ್ಕದಲ್ಲೊಂದು ಚೊಂಬು. ಹಳೆಯ ಮನೆಗಳಲ್ಲಿ ಯಾವ ಹನಿ ಎಲ್ಲಿ ಬೀಳುತ್ತದೆಂಬುದು ಮಕ್ಕಳಿಗೂ ಬಾಯಿಪಾಠ.

ಮನೆ ಸೋರಿದರೆ ನಾವೆಲ್ಲ ಬೈಯುವುದು ಹೆಂಚನ್ನು. ಒಡೆದ ಹೆಂಚನ್ನು ತೆಗೆದು ಹೊಸದನ್ನು ಇಟ್ಟರೆ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಆದರೆ ಹೆಂಚಿಗೂ ನಮ್ಮ ತಲೆಗೂ ನಡುವೆ ಇನ್ನೊಂದು ಪದರ ಇರಬೇಕು ಎಂಬುದನ್ನು ಮನೆ ಕಟ್ಟುವ ಜನ ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅದು ಒಮ್ಮೆ ಸೊಪ್ಪಾಗಿತ್ತು, ಒಮ್ಮೆ ಚೌಳು ಮಣ್ಣಾಗಿತ್ತು, ಒಮ್ಮೆ ಗಾರೆಯಾಗಿತ್ತು. ಇಂದು ಅಂಗಡಿಯಲ್ಲಿ ಸುರುಳಿ ಸುತ್ತಿಕೊಂಡು ಕೂತಿರುವ ಟಾರ್‌ಫೆಲ್ಟ್ ಅಥವಾ ಟಾರು ಹಾಳೆಯೂ ಅದೇ ವಂಶದ್ದು. ಹೊರಗಿನವರಿಗೆ ಕಾಣದ ಈ ಹಾಸಿನ ಚರಿತ್ರೆ ತುಮಕೂರು ಸೀಮೆಯ ಮನೆಗಳ ಚರಿತ್ರೆಯೂ ಹೌದು.

ಮಳೆ ನೋಡಿ ಮಾಡು

ಯಾವ ಊರಿನ ಚಾವಣಿ ಹೇಗಿರಬೇಕೆಂದು ತೀರ್ಮಾನಿಸುವುದು ಆ ಊರಿನ ಮಳೆ. ಮಂಗಳೂರಿನ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ಕಡಿದಾದ ಇಳಿಜಾರು ಬೇಕು, ಅಗಲವಾದ ಸೂರು ಬೇಕು. ತುಮಕೂರು ಜಿಲ್ಲೆಯಲ್ಲಿ ಬೀಳುವುದು ಸರಾಸರಿ 600ರಿಂದ 700 ಮಿಲಿಮೀಟರ್ ಮಾತ್ರ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರಿನದು. ಹೀಗಾಗಿ ಜಿಲ್ಲೆಯ ಉತ್ತರದ ಪಾವಗಡ, ಶಿರಾ, ಮಧುಗಿರಿ ಕಡೆಯ ಒಣ ಸೀಮೆಯಲ್ಲಿ ಚಪ್ಪಟೆ ಮಣ್ಣಿನ ಮಾಳಿಗೆಗಳು ಬೆಳೆದವು. ತೆಂಗು ಅಡಿಕೆಯ ತೋಟಗಳಿರುವ ಗುಬ್ಬಿ, ಕುಣಿಗಲ್ ಕಡೆ ಸೋಗೆ ಮತ್ತು ಹೆಂಚಿನ ಇಳಿಜಾರು ಮಾಡುಗಳು ಹೆಚ್ಚು ಕಂಡವು. ತುಮಕೂರು ಪಟ್ಟಣ ಇವೆರಡರ ನಡುವೆ ನಿಂತು ಎರಡನ್ನೂ ಕಂಡಿತು.

ಮಳೆ ಕಡಿಮೆ ಎಂದ ಮಾತ್ರಕ್ಕೆ ನೀರಿನ ಲೆಕ್ಕ ಸಣ್ಣದಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರಡಿಯ ಚಾವಣಿಯ ಮೇಲೆ ಒಂದು ರಾತ್ರಿ 50 ಮಿಲಿಮೀಟರ್ ಮಳೆ ಸುರಿದರೆ ನಾಲ್ಕೂವರೆ ಸಾವಿರ ಲೀಟರಿಗೂ ಹೆಚ್ಚು ನೀರು ಆ ಮನೆಯ ನೆತ್ತಿಯ ಮೇಲಿಂದ ಇಳಿದುಹೋಗಬೇಕು. ನೂರಕ್ಕೆ ಒಂದು ಪಾಲು ಒಳಗೆ ಬಂದರೂ ನಾಲ್ಕಾರು ಕೊಡ ತುಂಬುತ್ತದೆ.

ಚೌಳು ಮಣ್ಣಿನ ಗುಟ್ಟು

ಮಣ್ಣಿನ ಮಾಳಿಗೆಯನ್ನು ಕಟ್ಟುವ ಕ್ರಮವನ್ನು ನೋಡಿದರೆ ಅದು ಒಂದರ ಮೇಲೊಂದು ಹಾಸಿದ ಪದರಗಳ ಲೆಕ್ಕ. ಗೋಡೆಯಿಂದ ಗೋಡೆಗೆ ತೊಲೆ. ತೊಲೆಯ ಮೇಲೆ ಅಡ್ಡಲಾಗಿ ಜಂತೆ. ಜಂತೆಯ ಮೇಲೆ ಒತ್ತೊತ್ತಾಗಿ ಬಿದಿರ ತಡಿಕೆ, ಸೀಳಿದ ಕಟ್ಟಿಗೆ ಅಥವಾ ಅಡಿಕೆ ಮರದ ದಬ್ಬೆ. ಅದರ ಮೇಲೆ ಸೊಪ್ಪಿನ ಹಾಸು. ಬೆಟ್ಟದಲ್ಲಿ ಬೆಳೆಯುವ ಅಂಟಂಟಾದ ಬಂದರಿಕೆ ಸೊಪ್ಪು, ಹೊಂಗೆ, ಬೇವು, ಹುಲ್ಲು, ಹೀಗೆ ಕೈಗೆ ಸಿಕ್ಕಿದ್ದು. ಅದರ ಮೇಲೆ ಕಲಸಿ ತುಳಿದ ಮಣ್ಣು. ಎಲ್ಲಕ್ಕೂ ಮೇಲೆ ಚೌಳು ಮಣ್ಣು.

ಇಲ್ಲಿ ಸೊಪ್ಪಿನ ಹಾಸಿಗೆ ಒಂದು ಕೆಲಸ, ಚೌಳಿಗೆ ಇನ್ನೊಂದು. ಮೇಲಿನ ಮಣ್ಣು ತಡಿಕೆಯ ಸಂದಿಯಿಂದ ಕೆಳಗೆ ಉದುರದಂತೆ ಸೊಪ್ಪು ತಡೆಯುತ್ತದೆ. ನೀರು ಇಳಿಯದಂತೆ ಚೌಳು ತಡೆಯುತ್ತದೆ. ಬೆಳೆ ಬಾರದ, ಬಿಳಿಯ ಪುಡಿ ಮೇಲೆದ್ದ ನೆಲದಿಂದ ತಂದ ಈ ಮಣ್ಣನ್ನು ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದರು. ಹೊಲಕ್ಕೆ ಬೇಡವಾದ ಮಣ್ಣು ಮಾಳಿಗೆಗೆ ಹೇಗೆ ಬೇಕಾಯಿತು?

ಇದಕ್ಕೆ ಉತ್ತರ ಮಣ್ಣಿನ ರಸಾಯನದಲ್ಲಿದೆ. ಚೌಳು ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ಸಾಮಾನ್ಯ ಜೇಡಿಯಲ್ಲಿ ಸುಣ್ಣದ ಅಂಶ ಸಣ್ಣ ಕಣಗಳನ್ನು ಗುಂಪುಗುಂಪಾಗಿ ಹಿಡಿದಿಟ್ಟಿರುತ್ತದೆ. ಗುಂಪುಗಳ ನಡುವಿನ ಸಂದಿಯಲ್ಲಿ ನೀರು ಇಳಿಯುತ್ತದೆ. ಸೋಡಿಯಂ ಹೆಚ್ಚಾದಾಗ ಮಳೆನೀರು ಸೋಕಿದ ಕೂಡಲೇ ಆ ಗುಂಪುಗಳು ಒಡೆದು, ಕಣಗಳು ಚದುರಿ, ಊದಿಕೊಂಡು ಸಂದಿಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗದೆ ಪೈರು ಒಣಗುವುದು ಈ ಗುಣದಿಂದಲೇ. ಮಾಳಿಗೆಯ ಮೇಲೆ ನೀರು ಇಂಗದೆ ಮನೆ ಉಳಿಯುವುದೂ ಇದೇ ಗುಣದಿಂದ. ರೈತನ ಶಾಪವನ್ನು ಮನೆ ಕಟ್ಟುವವನು ವರ ಮಾಡಿಕೊಂಡ.

ಆದರೆ ಈ ವರಕ್ಕೆ ಬೆಲೆ ಇತ್ತು. ಬಿಸಿಲಿಗೆ ಚೌಳು ಬಿರುಕು ಬಿಡುತ್ತದೆ, ಮಳೆಗೆ ಸ್ವಲ್ಪ ಸ್ವಲ್ಪವೇ ಕೊಚ್ಚಿಹೋಗುತ್ತದೆ. ಆದ್ದರಿಂದ ಮುಂಗಾರಿಗೆ ಮುಂಚೆ ಹೊಸ ಚೌಳು ಹರಡಿ ಹದ ಮಾಡಬೇಕು. ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸದನ್ನು ಹಾಕುತ್ತಾ ಹೋದರೆ ಮಾಳಿಗೆ ದಪ್ಪವಾಗುತ್ತಾ ಹೋಗುತ್ತದೆ. ನೂರು ಚದರಡಿಯ ಮೇಲೆ ಆರು ಅಂಗುಲ ಮಣ್ಣಿದ್ದರೆ ಅದರ ತೂಕ ಎರಡು ಟನ್ನಿಗೂ ಹೆಚ್ಚು. ಅಷ್ಟೇ ಜಾಗಕ್ಕೆ ಹೊದಿಸಿದ ಮಂಗಳೂರು ಹೆಂಚಿನ ತೂಕ ನಾನೂರು ಕಿಲೋ ಆಸುಪಾಸು. ಮೂರು ದಿನ ಬಿಡದೆ ಜಡಿಮಳೆ ಹಿಡಿದು ಮಣ್ಣು ನೀರು ಕುಡಿದರೆ ತೂಕ ಇನ್ನೂ ಏರುತ್ತದೆ. ಗೆದ್ದಲು ತಿಂದ ಹಳೆಯ ತೊಲೆ ಆ ರಾತ್ರಿಯೇ ಕೈಬಿಡುತ್ತದೆ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುವ ‘ಮನೆ ಕುಸಿದು ಸಾವು’ ಎಂಬ ನಾಲ್ಕು ಸಾಲಿನ ಸುದ್ದಿಯ ಹಿಂದೆ ಎಷ್ಟೋ ಸಲ ಇರುವುದು ಇದೇ ಲೆಕ್ಕ.

ಕಲ್ಲಿಗೂ ಬೇಕು ಗಾರೆ

ಕಲ್ಲಿನ ಚಾವಣಿಯಾದರೆ ಸೋರುವುದಿಲ್ಲ ಎಂದುಕೊಳ್ಳುವವರಿದ್ದಾರೆ. ತುಮಕೂರಿಗೆ ಹತ್ತಿರದ ಕೈದಾಳದಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವ ಗುಡಿಯಿದೆ. ಶಿಲ್ಪಿ ಜಕಣಾಚಾರಿಯ ಊರು ಇದೇ ಎಂದು ಜನ ನಂಬುವ ಸ್ಥಳ ಅದು. ಅಂತಹ ಗುಡಿಗಳ ಒಳಗೆ ನಿಂತು ಮೇಲೆ ನೋಡಿದರೆ ಕಾಣುವುದು ಕಲ್ಲು ಚಪ್ಪಡಿ. ಎರಡು ಚಪ್ಪಡಿ ಕೂಡುವ ಕಡೆ ಎಷ್ಟೇ ನಯವಾಗಿ ಕೆತ್ತಿದರೂ ಕೂದಲೆಳೆಯ ಸಂದಿ ಉಳಿಯುತ್ತದೆ. ಕೂದಲೆಳೆಯ ಸಂದಿ ನೀರಿಗೆ ರಾಜಬೀದಿ. ಅದಕ್ಕಾಗಿಯೇ ಕಲ್ಲಿನ ಗುಡಿಗಳ ಚಾವಣಿಯ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆಯ ದಪ್ಪ ಹಾಸು ಹಾಕುವುದು ವಾಡಿಕೆ. ಆ ಗಾರೆ ಬಿರುಕು ಬಿಟ್ಟು, ಅರಳಿಯ ಬೀಜ ಬಿದ್ದು, ಬೇರು ಇಳಿದಲ್ಲೆಲ್ಲ ಗುಡಿ ಸೋರುತ್ತದೆ. ಹಳೆಯ ಗುಡಿಗಳ ಜೀರ್ಣೋದ್ಧಾರದಲ್ಲಿ ಮೊದಲ ಕೆಲಸ ಮೂರ್ತಿಯದಲ್ಲ, ನೆತ್ತಿಯ ಮೇಲಿನ ಗಾರೆಯದು.

ಇದೇ ವಿದ್ಯೆ ಮುಂದೆ ಅಧಿಕಾರಿಗಳ ಬಂಗಲೆ, ಕಚೇರಿ, ಸಾಹುಕಾರರ ಮನೆಗಳಿಗೆ ‘ಮದ್ರಾಸ್ ತಾರಸಿ’ಯಾಗಿ ಬಂತು. ಮರದ ತೊಲೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕಟ್ಟುತ್ತಿದ್ದರು. ಅದರ ಮೇಲೆ ಮೂರ್ನಾಲ್ಕು ಅಂಗುಲ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಹಾಸು. ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಚಿಮುಕಿಸುತ್ತಾ ಸಾಲಾಗಿ ಕುಳಿತ ಹೆಂಗಸರು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿದ ಪೆಟ್ಟಿಗೆ ಕೊಡತಿ ಪುಟಿಯಲು ಶುರುವಾದರೆ ಗಾರೆ ಗಟ್ಟಿಯಾಯಿತೆಂದು ಲೆಕ್ಕ. ಇಂದು ಅಂತಹ ಕಟ್ಟಡಗಳ ಮುಂದೆ ನಿಂತು ಕಟ್ಟಿಸಿದವರ ಹೆಸರಿನ ಕಲ್ಲನ್ನು ಓದುತ್ತೇವೆ. ನೀರು ಒಳಗೆ ಬಾರದಂತೆ ಬಡಿದ ಕೈಗಳ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ಕುಂಬಾರನ ಹೆಂಚು, ಕೋತಿಯ ಕಾಟ

ಸಾಮಾನ್ಯ ಜನರ ಇಳಿಜಾರು ಮನೆಗೆ ಮೊದಲು ಇದ್ದದ್ದು ಹುಲ್ಲು ಮತ್ತು ತೆಂಗಿನ ಗರಿ. ಗುಬ್ಬಿ, ಕುಣಿಗಲ್ ಕಡೆ ಗರಿಗೆ ಬರವಿರಲಿಲ್ಲ. ಆದರೆ ಗರಿಗೆ ಬೆಂಕಿಯ ಭಯ, ಒಂದೆರಡು ವರ್ಷಕ್ಕೆ ಬದಲಿಸುವ ಖರ್ಚು. ಒಲೆಯ ಹೊಗೆ ಗರಿಯ ಸಂದಿಯಿಂದ ಹೊರಗೆ ಹೋಗುವಾಗ ಹುಳುಹುಪ್ಪಟೆಯನ್ನು ಓಡಿಸುತ್ತಿತ್ತು. ಗೃಹಿಣಿಯ ಕಣ್ಣು ಉರಿಸಿದ ಹೊಗೆಯೇ ಚಾವಣಿಯ ಆಯಸ್ಸು ಹೆಚ್ಚಿಸುತ್ತಿತ್ತು ಎಂಬುದು ವಿಚಿತ್ರವಾದರೂ ನಿಜ.

ಸ್ವಲ್ಪ ಅನುಕೂಲವಿದ್ದವರು ನಾಡಹೆಂಚು ಹೊದಿಸಿದರು. ಕುಂಬಾರ ತಿಗರಿಯ ಮೇಲೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದ ಕೊಳವೆಯನ್ನು ಎತ್ತಿ, ಹಸಿಯಿರುವಾಗಲೇ ಉದ್ದಕ್ಕೆ ಗೀರಿ, ಒಣಗಿದ ಮೇಲೆ ಎರಡು ಹೋಳು ಮಾಡಿ ಸುಡುತ್ತಿದ್ದ. ಒಂದು ಸಾಲು ಅಂಗಾತ, ಅದರ ಮೇಲೆ ಒಂದು ಸಾಲು ಬೋರಲು. ಅಂಗಾತ ಹೆಂಚು ಕಾಲುವೆ, ಬೋರಲು ಹೆಂಚು ಅದರ ದಂಡೆಯ ಮುಚ್ಚಳ. ಇದರಲ್ಲಿ ಮೊಳೆಯಿಲ್ಲ, ಕೊಂಡಿಯಿಲ್ಲ. ಹೆಂಚು ನಿಲ್ಲುವುದು ತನ್ನ ಭಾರದಿಂದಷ್ಟೇ.

ಆದ್ದರಿಂದಲೇ ಕೋತಿಗಳ ದಂಡು ಒಮ್ಮೆ ಸೂರಿನ ಮೇಲೆ ಓಡಿದರೆ ಮನೆ ಜಾಲರಿಯಾಗುತ್ತಿತ್ತು. ಬೆಕ್ಕು ಓಡಿದರೂ ಸಾಕು, ಒಂದೆರಡು ಹೆಂಚು ಜರುಗುತ್ತಿದ್ದವು. ಮುಂಗಾರಿಗೆ ಮುಂಚೆ ಎಲ್ಲ ಹೆಂಚನ್ನೂ ಇಳಿಸಿ, ಕಸ ಗುಡಿಸಿ, ಒಡೆದದ್ದನ್ನು ಬೇರ್ಪಡಿಸಿ ಮತ್ತೆ ಹೊದಿಸುವ ‘ಹೆಂಚು ಕೈಯಾಡಿಸುವ’ ಕೆಲಸ ಹೀಗೆ ಹುಟ್ಟಿತು. ಜೋಪಾನ ಮಾಡುವವರು ಹೆಂಚಿನಡಿ ಬಿದಿರ ತಟ್ಟಿ ಅಥವಾ ಹುಲ್ಲಿನ ತೆಳು ಹಾಸು ಇಡುತ್ತಿದ್ದರು. ಹೆಂಚು ಜಾರದಂತೆ ಕೂರಲು ಅದು ಮೆತ್ತೆ. ಸಂದಿಯಲ್ಲಿ ನುಸುಳಿದ ಹನಿಯನ್ನು ಕೆಳಗಿನ ಸೂರಿನವರೆಗೆ ದಾಟಿಸಲು ಅದೇ ದಾರಿ.

ತೊಟ್ಟಿಮನೆಗಳಲ್ಲಿ ಕಷ್ಟ ಇನ್ನೂ ಹೆಚ್ಚು. ನಾಲ್ಕು ಕಡೆಯ ಮಾಡೂ ನಡುವಿನ ತೊಟ್ಟಿಗೆ ಇಳಿಯುವುದರಿಂದ ಎರಡು ಇಳಿಜಾರು ಕೂಡುವ ಒಳಮೂಲೆಗೆ ಎರಡು ಮಾಡಿನ ನೀರೂ ನುಗ್ಗುತ್ತದೆ. ಅಲ್ಲಿ ತಗಡಿನ ದೋಣಿ ಇಟ್ಟರೂ ಎಲೆ ಕಸ ಕಟ್ಟಿಕೊಂಡರೆ ನೀರು ಹಿಮ್ಮೆಟ್ಟಿ ಹೆಂಚಿನಡಿ ಹೊಕ್ಕುತ್ತದೆ. ತೊಟ್ಟಿಮನೆಯ ಸೋರಿಕೆಯನ್ನು ಹುಡುಕುವ ಅನುಭವಸ್ಥ ಮೊದಲು ಹತ್ತುವುದು ಈ ಮೂಲೆಗೇ.

ಮಂಗಳೂರಿನಿಂದ ಬಂದ ಅತಿಥಿ

ಈ ಪ್ರಪಂಚಕ್ಕೆ ಹೊಸ ಹೆಂಚು ಬಂದದ್ದು ಕರಾವಳಿಯಿಂದ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ. ನೇತ್ರಾವತಿ, ಗುರುಪುರ ನದಿಗಳ ಜೇಡಿ, ಅಚ್ಚಿನಲ್ಲಿ ಒತ್ತುವ ಯಂತ್ರ, ಭಟ್ಟಿಯಲ್ಲಿ ಸುಡುವ ಕ್ರಮ, ಇವು ಸೇರಿ ಚಪ್ಪಟೆಯಾದ ಕೆಂಪು ಹೆಂಚು ತಯಾರಾಯಿತು. ಒಂದರ ಗೀರಿನೊಳಗೆ ಇನ್ನೊಂದರ ಅಂಚು ಕೂರುವ ಈ ಬಗೆಯ ಹೆಂಚಿಗೆ ಯುರೋಪಿನಲ್ಲಿ 1841ರಲ್ಲೇ ಅಲ್ಸೇಸ್ ಪ್ರಾಂತದ ಗಿಲಾರ್ಡೊನಿ ಸಹೋದರರು ಪೇಟೆಂಟ್ ಪಡೆದಿದ್ದರು. ಮಂಗಳೂರಿನಲ್ಲಿ ಬೇಗನೆ ಸ್ಥಳೀಯ ಉದ್ಯಮಿಗಳೂ ಕಾರ್ಖಾನೆ ತೆರೆದರು. ಮೊದಲ ಮಹಾಯುದ್ಧದ ನಂತರ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು.

ತುಮಕೂರಿಗೆ ಬೆಂಗಳೂರಿನಿಂದ ರೈಲು ಬಂದದ್ದು 1884ರಲ್ಲಿ. ಅದೇ ವರ್ಷ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಗುಬ್ಬಿ ವೀರಣ್ಣನವರಿಂದ ಮುಂದೆ ನಾಡಿಗೆಲ್ಲ ಹೆಸರಾದದ್ದು ಅದೇ ಕಂಪನಿ. 1889ರ ಹೊತ್ತಿಗೆ ಹಳಿ ಹರಿಹರ ಮುಟ್ಟಿತ್ತು. ಎತ್ತಿನ ಗಾಡಿಯಲ್ಲಿ ತಂದರೆ ಅರ್ಧ ಒಡೆಯುವ ಹೆಂಚಿಗೆ, ಭಾರವಾದ ತೊಲೆ ತಗಡುಗಳಿಗೆ ರೈಲು ಹೊಸ ದಾರಿ ತೆರೆಯಿತು. ಸುಕ್ಕು ತಗಡು ಹೊದಿಸಿದ ಗೋದಾಮು, ಥೇಟರುಗಳು ಬಂದದ್ದು ರೈಲು ಕಾಲದಲ್ಲೇ. ಹಳೆಯ ನಾಟಕಗಳ ಪ್ರೇಕ್ಷಕರಿಗೆ ಗೊತ್ತು: ತಗಡಿನ ಥೇಟರಿನ ಮೇಲೆ ಮಳೆ ಬಿದ್ದರೆ ನಟನ ಕಂದ ಪದ್ಯ ಯಾರಿಗೂ ಕೇಳುತ್ತಿರಲಿಲ್ಲ. ತಗಡು ನೀರನ್ನು ತಡೆಯಿತು, ಸದ್ದನ್ನೂ ಸೆಕೆಯನ್ನೂ ತಡೆಯಲಿಲ್ಲ.

ಮಂಗಳೂರು ಹೆಂಚಿನ ಗುಣ ಬೇರೆ. ಸರಾಸರಿ ಎರಡೂವರೆಯಿಂದ ಮೂರು ಕಿಲೋ ತೂಗುವ ಒಂದು ಹೆಂಚು ನಾಲ್ಕಾರು ನಾಡಹೆಂಚಿನ ಜಾಗ ಮುಚ್ಚುತ್ತದೆ. ನೂರು ಚದರಡಿಗೆ ನೂರೈವತ್ತರ ಆಸುಪಾಸು ಸಾಕು. ರೀಪಿಗೆ ಕೊಕ್ಕೆ ಹಾಕಿಕೊಂಡು ಕೂರುವುದರಿಂದ ಕೋತಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಆದರೆ ಅದೂ ಪೂರ್ತಿ ನೀರು ತಡೆಯುವ ವಸ್ತುವಲ್ಲ. ಒಳ್ಳೆಯ ಹೆಂಚೂ ಸ್ವಲ್ಪ ನೀರು ಹೀರುತ್ತದೆ. ಎದುರುಗಾಳಿ ಬೀಸಿದಾಗ ಇಳಿಯುವ ನೀರನ್ನು ಗಾಳಿ ಮೇಲಕ್ಕೆ ತಳ್ಳಿ ಗೀರಿನೊಳಗೆ ನುಗ್ಗಿಸುತ್ತದೆ. ಇದನ್ನು ತಿಳಿದೇ ಹೆಂಚಿನ ಕಾರ್ಖಾನೆಗಳು ಮೇಲ್ಹೆಂಚಿನ ಜೊತೆ ‘ಸೀಲಿಂಗ್ ಹೆಂಚು’ಗಳನ್ನೂ ಮಾಡಿದವು. ರೀಪುಗಳ ಮೇಲೆ ಮೊದಲು ಚಪ್ಪಟೆ ಸೀಲಿಂಗ್ ಹೆಂಚು, ಅದರ ಮೇಲೆ ಮಂಗಳೂರು ಹೆಂಚು. ಒಳಗಿನಿಂದ ನೋಡಲು ಅಂದ, ಎರಡರ ನಡುವಿನ ಗಾಳಿಯಿಂದ ತಂಪು, ನುಸುಳಿದ ಹನಿಗೆ ಎರಡನೆಯ ಅಡ್ಡಗೋಡೆ. ಸೊಪ್ಪು, ತಟ್ಟಿಗಳು ಮಾಡುತ್ತಿದ್ದ ಕೆಲಸವನ್ನು ಸುಟ್ಟ ಮಣ್ಣು ವಹಿಸಿಕೊಂಡಿತು. ಬಡವರ ಮನೆಯಲ್ಲಿ ಮಾತ್ರ ಮೇಲ್ಹೆಂಚು ಬಂತು, ಕೆಳಹಾಸು ಬರಲಿಲ್ಲ.

ಟಾರು ಹಾಳೆಯ ಹಾದಿ

ಕಪ್ಪು ಟಾರಿಗೆ ನೀರು ತಡೆಯುವ ಗುಣವಿದೆ ಎಂಬುದು ಹೊಸ ಜ್ಞಾನವಲ್ಲ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮೊಹೆಂಜೊದಾರೊದ ದೊಡ್ಡ ಸ್ನಾನದ ಕೊಳ ಕಟ್ಟಿದವರು ಇಟ್ಟಿಗೆ ಗೋಡೆಗಳ ನಡುವೆ ಬಿಟುಮೆನ್ ಪದರ ಬಳಿದಿದ್ದರು. 18ನೇ ಶತಮಾನದ ಕೊನೆಯಲ್ಲಿ ಸ್ವೀಡನ್ನಿನಲ್ಲಿ ಕಾಗದಕ್ಕೆ ಟಾರು ಕುಡಿಸಿ ಚಾವಣಿಗೆ ಹೊದಿಸುವ ಪ್ರಯೋಗಗಳಾದವು. 19ನೇ ಶತಮಾನದಲ್ಲಿ ಕಲ್ಲಿದ್ದಲಿನಿಂದ ದೀಪದ ಅನಿಲ ತೆಗೆಯುವಾಗ ಉಳಿದ ಟಾರು ಯುರೋಪಿನಲ್ಲಿ ಹೇರಳವಾಗಿ ಸಿಕ್ಕಿತು. ಮುಂದೆ ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಉಳಿಯುವ ಬಿಟುಮೆನ್ ಅದರ ಜಾಗ ಹಿಡಿಯಿತು. ಚಿಂದಿ, ನಾರು ಅಥವಾ ಗೋಣಿಯ ಬಟ್ಟೆಗೆ ಇದನ್ನು ಕುಡಿಸಿ ಸುರುಳಿ ಸುತ್ತಿದರೆ ಟಾರ್‌ಫೆಲ್ಟ್.

ಭಾರತದಲ್ಲಿ ಇದರ ಗುಣಮಟ್ಟಕ್ಕೆ ಐಎಸ್ 1322 ಎಂಬ ಮಾನಕವಿದೆ, ಚಾವಣಿಗೆ ಹಾಸುವ ಕ್ರಮಕ್ಕೆ ಐಎಸ್ 1346 ಇದೆ. ನಾರಿನ ತಳದ್ದು, ಗೋಣಿಯ ತಳದ್ದು ಎಂದು ಇದರಲ್ಲಿ ಬಗೆಗಳಿವೆ. ನಮ್ಮಲ್ಲಿ ಇದು ಹೆಚ್ಚಾಗಿ ಬಳಕೆಯಾದದ್ದು ಚಪ್ಪಟೆ ಕಾಂಕ್ರೀಟ್ ತಾರಸಿಗಳ ಮೇಲೆ. ಹೆಂಚಿನಡಿ ಹಾಸುವುದು ಚಳಿ ದೇಶಗಳಲ್ಲಿ ಸಾಮಾನ್ಯ, ನಮ್ಮಲ್ಲಿ ಅಪರೂಪ. ಈಚೆಗೆ ಹಳೆಯ ಹೆಂಚಿನ ಮನೆಗಳನ್ನು ಉಳಿಸಿಕೊಳ್ಳುವವರು, ಕಬ್ಬಿಣದ ಚೌಕಟ್ಟಿನ ಮೇಲೆ ಹೆಂಚು ಹೊದಿಸುವವರು ಇಂಥ ಹಾಸುಗಳ ಕಡೆ ನೋಡುತ್ತಿದ್ದಾರೆ.

ಹಾಸುವ ನಿಯಮ ಸರಳ, ತಪ್ಪುವುದು ಇನ್ನೂ ಸುಲಭ. ಕೆಲಸ ಯಾವಾಗಲೂ ಸೂರಂಚಿನಿಂದ ಶುರುವಾಗಿ ನೆತ್ತಿಯ ಕಡೆ ಹೋಗಬೇಕು. ಸುಮಾರು ಒಂದು ಮೀಟರ್ ಅಗಲದ ಸುರುಳಿಯನ್ನು ಮೊದಲು ಕೆಳಗೆ ಅಡ್ಡಲಾಗಿ ಬಿಡಿಸಬೇಕು. ಎರಡನೆಯ ಸಾಲು ಮೊದಲನೆಯದರ ಮೇಲೆ ಕನಿಷ್ಠ ಹತ್ತು ಸೆಂಟಿಮೀಟರ್ ಏರಬೇಕು. ಮೀನಿನ ಹುರುಪೆಯಂತೆ ಮೇಲಿನದು ಕೆಳಗಿನದನ್ನು ಮುಚ್ಚಬೇಕೇ ಹೊರತು ಕೆಳಗಿನದು ಮೇಲಿನದನ್ನಲ್ಲ. ಇದು ತಿರುವುಮುರುವಾದರೆ ಇಳಿಯುವ ನೀರು ನೇರವಾಗಿ ಮಡಿಕೆಯೊಳಗೆ ಹೋಗುತ್ತದೆ. ನೆತ್ತಿಯ ಮೇಲೆ ಎರಡೂ ಕಡೆ ಇಳಿಯುವಂತೆ ಒಂದು ಹಾಳೆ, ಒಳಮೂಲೆಗಳಲ್ಲಿ ಜೋಡಿ ಹಾಳೆ. ಮೊಳೆಯನ್ನು ಮೇಲಿನ ಸಾಲು ಮುಚ್ಚುವ ಜಾಗದಲ್ಲಿ ಹೊಡೆಯಬೇಕು.

ಇನ್ನೊಂದು ಸೂಕ್ಷ್ಮವಿದೆ. ಹಾಳೆಯ ಮೇಲೆ ಅಡ್ಡರೀಪುಗಳನ್ನು ನೇರವಾಗಿ ಬಡಿದರೆ, ಹೆಂಚು ದಾಟಿ ಬಂದ ನೀರು ಪ್ರತಿ ರೀಪಿಗೂ ತಡೆದು ನಿಂತು ಮರವನ್ನು ಕೊಳೆಸುತ್ತದೆ. ಅದಕ್ಕೆ ಮೊದಲು ಇಳಿಜಾರಿನ ಉದ್ದಕ್ಕೆ ತೆಳು ಪಟ್ಟಿಗಳನ್ನು ಹೊಡೆದು, ಅವುಗಳ ಮೇಲೆ ಅಡ್ಡರೀಪು ಕೂರಿಸಬೇಕು. ಆಗ ರೀಪಿನ ಕೆಳಗೆ ನೀರು ಇಳಿದು ಸೂರು ಸೇರುತ್ತದೆ, ಗಾಳಿಯೂ ಆಡುತ್ತದೆ. ಟಾರು ಹಾಳೆ ಉಸಿರಾಡುವುದಿಲ್ಲ. ಅಡುಗೆಮನೆಯ ಹಬೆ ಅದರ ತಳಕ್ಕೆ ತಾಗಿ ಹನಿಗಟ್ಟಿದರೆ ಮಳೆಯಿಲ್ಲದೆಯೂ ಮನೆ ಸೋರುತ್ತದೆ. ಸೊಪ್ಪು, ತಟ್ಟಿಗಳ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಬಿಸಿಲಿಗೆ ಒಡ್ಡಿದರೆ ಬಿಟುಮೆನ್ ಒಣಗಿ ಸೀಳುವುದರಿಂದ ಅದನ್ನು ಬೇಗ ಮುಚ್ಚಲೂ ಬೇಕು. ಹೆಂಚು ಹಾಳೆಯನ್ನು ಬಿಸಿಲಿನಿಂದ ಕಾಯುತ್ತದೆ, ಹಾಳೆ ಮನೆಯನ್ನು ಮಳೆಯಿಂದ ಕಾಯುತ್ತದೆ.

ಉಂಗ್ರದ ಪ್ರಯೋಗ

ಹಳ್ಳಿಯ ಮನೆಯ ಕಷ್ಟವನ್ನು ವಿಜ್ಞಾನದ ಪ್ರಶ್ನೆಯಾಗಿ ಎತ್ತಿಕೊಂಡ ಒಂದು ಪ್ರಯತ್ನ ಕುಣಿಗಲ್ ತಾಲ್ಲೂಕಿನಲ್ಲೇ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕ ರೂಪುಗೊಂಡಿತು. ಅದು ತನ್ನ ಹಳ್ಳಿ ಕೇಂದ್ರವಾಗಿ ಆರಿಸಿಕೊಂಡದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮವನ್ನು. ಸುತ್ತಲಿನ ಆರು ಹಳ್ಳಿಗಳಲ್ಲಿ ಸೌದೆ, ನೀರು, ದುಡಿಮೆಯ ಸಮೀಕ್ಷೆ ನಡೆಯಿತು. ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಸಗಣಿ ಅನಿಲದಿಂದ ದೀಪ ಮತ್ತು ಕೊಳಾಯಿ ನೀರು ಬಂದವು. ಹೊಗೆ ಕೊಳವೆಯಿರುವ ‘ಅಸ್ತ್ರ ಒಲೆ’ ನಾಡಿನಾದ್ಯಂತ ಹೆಸರಾಯಿತು.

ಮನೆಯ ವಿಷಯದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಒತ್ತಿದ ಮಣ್ಣಿನ ಇಟ್ಟಿಗೆ, ಕಡಿಮೆ ಸಿಮೆಂಟಿನ ಚಾವಣಿಗಳ ಮೇಲೆ ಕೆಲಸ ಮಾಡಿದರು. ಚಾವಣಿಯೇ ಬಡವನ ಮನೆಯ ಕಠಿಣ ಭಾಗ ಎಂಬುದು ಈ ಕೆಲಸದುದ್ದಕ್ಕೂ ಎದುರಾದ ಸತ್ಯ. ಗೋಡೆಯನ್ನು ಸ್ವಂತ ಹೊಲದ ಮಣ್ಣಿನಿಂದ ಎತ್ತಬಹುದು. ಚಾವಣಿಗೆ ಮರ, ಹೆಂಚು, ಕಬ್ಬಿಣ, ಸಿಮೆಂಟ್ ಎಲ್ಲವನ್ನೂ ಪೇಟೆಯಿಂದ ತರಬೇಕು. ಅಸ್ತ್ರ ಇಂದು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂಬ ಹೆಸರಿನಲ್ಲಿ ವಿಜ್ಞಾನ ಸಂಸ್ಥೆಯಲ್ಲಿದೆ. ಇದೇ ಹಾದಿಯಲ್ಲಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಿಟುಮೆನ್ ಬೆರೆಸಿದ, ಮಳೆಗೆ ಕರಗದ ಮಣ್ಣಿನ ಗಿಲಾವನ್ನು ರೂಪಿಸಿತ್ತು. ಚೌಳು ಮಣ್ಣು ಮತ್ತು ಟಾರು, ಎರಡು ಕಾಲದ ವಿದ್ಯೆಗಳು ಅಲ್ಲಿ ಒಂದೇ ಬಾಂಡಲಿಯಲ್ಲಿ ಕೂಡಿದವು.

ಸಿಮೆಂಟಿನ ನಂಬಿಕೆ

ಆದರೆ ಜನರ ಮನಸ್ಸು ಗೆದ್ದದ್ದು ಆರ್‌ಸಿಸಿ. ಮೈಸೂರು ಸಿಮೆಂಟ್ಸ್ ಕಂಪನಿ 1958ರಲ್ಲಿ ಸ್ಥಾಪನೆಯಾಗಿ ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಕಾರ್ಖಾನೆ ಕಟ್ಟಿತು. ಮನೆಬಾಗಿಲಿಗೆ ಸಿಮೆಂಟ್ ಬಂತು. 1970ರ ದಶಕದ ಜನತಾ ಮನೆಗಳು, 1990ರ ದಶಕದ ಆಶ್ರಯ ಮನೆಗಳು ಹಳ್ಳಿಯ ಬಡವರಿಗೆ ಗುಡಿಸಲಿನಿಂದ ಬಿಡುಗಡೆ ಕೊಟ್ಟವು. ‘ತಾರಸಿ ಮನೆ’ ಎಂಬುದು ಅಂತಸ್ತಿನ ಹೆಸರಾಯಿತು. ಹೆಂಚು ಕೈಯಾಡಿಸುವ, ಚೌಳು ಹಾಸುವ ವರ್ಷದ ಕೆಲಸ ತಪ್ಪಿತೆಂದು ಜನ ನಿಟ್ಟುಸಿರು ಬಿಟ್ಟದ್ದು ಸಹಜವೇ.

ಕಾಂಕ್ರೀಟೂ ಕಲ್ಲಿನಂತೆಯೇ. ಸೂಕ್ಷ್ಮ ಬಿರುಕು ಬಿಟ್ಟರೆ ನೀರು ಒಳಗಿಳಿದು ಕಬ್ಬಿಣದ ಸಲಾಕೆಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದುತ್ತದೆ, ಊದಿದ ಕಬ್ಬಿಣ ತನ್ನ ಮೇಲಿನ ಗಾರೆಯನ್ನು ಒಡೆದು ಉದುರಿಸುತ್ತದೆ. ನಾಡಹೆಂಚಿನ ಮನೆ ಸೋರಿದರೆ ಹನಿ ಬಿದ್ದ ನೇರಕ್ಕೆ ಮೇಲೆ ಹತ್ತಿದರೆ ತೂತು ಸಿಗುತ್ತಿತ್ತು. ತಾರಸಿಯಲ್ಲಿ ನೀರು ಹೊಕ್ಕುವುದು ಒಂದು ಮೂಲೆಯಲ್ಲಿ, ತೊಟ್ಟಿಕ್ಕುವುದು ಇನ್ನೊಂದು ಮೂಲೆಯಲ್ಲಿ. ಇಂದು ಸೋರುವ ತಾರಸಿಯ ಮೇಲೆ ಮತ್ತೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಮಾಡು ಹೊದಿಸುವ ದೃಶ್ಯ ಎಲ್ಲ ಊರಿನಲ್ಲೂ ಕಾಣುತ್ತದೆ. ಸುತ್ತಿ ಬಳಸಿ ಜನ ಬಂದು ನಿಂತದ್ದು ಅಜ್ಜನ ಕಾಲದ ಸತ್ಯಕ್ಕೇ: ಒಂದು ಪದರ ಸಾಲದು, ಎರಡು ಬೇಕು.

ಉಳಿದಿರುವ ಪ್ರಶ್ನೆ

2019ರ ನೆರೆಯ ನಂತರ ರಾಜ್ಯ ಸರ್ಕಾರ ಪೂರ್ತಿ ಕುಸಿದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. 2021ರ ನವೆಂಬರಿನ ಅಕಾಲ ಮಳೆ ರಾಜ್ಯದ ದಕ್ಷಿಣ ಜಿಲ್ಲೆಗಳಲ್ಲೂ ಹಳೆಯ ಮಣ್ಣಿನ ಮನೆಗಳನ್ನು ಉರುಳಿಸಿತು. ಪರಿಹಾರ ಬರುವುದು ಮನೆ ಬಿದ್ದ ಮೇಲೆ. ಬೀಳುವ ಮುಂಚೆ ಮಾಳಿಗೆಯ ಹಳೆಯ ಮಣ್ಣನ್ನು ಕೆರೆದು ಭಾರ ಇಳಿಸಲು, ಗೆದ್ದಲು ತಿಂದ ತೊಲೆ ಬದಲಿಸಲು, ಹೆಂಚಿನಡಿ ಒಂದು ಹಾಸು ಹಾಸಲು ಆಗುವ ಖರ್ಚು ಅದರ ಸಣ್ಣ ಪಾಲು. ಆ ಸಣ್ಣ ಪಾಲೂ ಕೈಯಲ್ಲಿಲ್ಲದವರೇ ಇಂದಿಗೂ ಹಳೆಯ ಮಣ್ಣಿನ ಮಾಳಿಗೆಯ ಕೆಳಗೆ ಮಲಗುವವರು.

ಇನ್ನೊಂದು ನಷ್ಟಕ್ಕೆ ಪರಿಹಾರವೇ ಇಲ್ಲ. ಯಾವ ಹೊಲದ ಚೌಳು ಹಿಡಿಯುತ್ತದೆ, ತೊಲೆ ಬಾಗಿದ ಸದ್ದು ಹೇಗಿರುತ್ತದೆ, ಯಾವ ಮೂಲೆಯ ಹೆಂಚು ಮೊದಲು ಜಾರುತ್ತದೆ ಎಂದು ಬಲ್ಲವರ ತಲೆಮಾರು ಮುಗಿಯುತ್ತಿದೆ. ಅವರು ಮಾಡುತ್ತಿದ್ದ ಕೆಲಸ ಮುಗಿದ ಮೇಲೆ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಮೇಲೆ ಹೆಂಚು ಕೂತರೆ ಕೆಳಗಿನ ಹಾಸು ಮರೆಯಾಗುತ್ತಿತ್ತು. ಮಳೆಯ ರಾತ್ರಿ ಮನೆಯವರು ಎಚ್ಚರಗೊಳ್ಳದೆ ಮಲಗಿದ್ದರೆ ಆ ಕೆಲಸ ಚೆನ್ನಾಗಿತ್ತು ಎಂದರ್ಥ.

ಮುಂಗಾರು ಪ್ರತಿ ವರ್ಷ ಬರುತ್ತದೆ. ಅದಕ್ಕೆ ಮುಂಚಿನ ಒಂದು ಬಿಸಿಲಿನ ದಿನ ಏಣಿ ಹಾಕಿ ಮೇಲೆ ಹತ್ತಿ, ಹೆಂಚು ಸರಿಸಿ ಅದರ ಕೆಳಗೆ ಏನಿದೆ ಎಂದು ನೋಡುವುದು ಮಾತ್ರ ನಮ್ಮ ಕೈಯಲ್ಲಿದೆ.